ಗಂಟೆಗೆ ಮೊದಲೇ ಎದ್ದ ಹುಡುಗಿ

ಹೋದ ತಿಂಗಳು ನಮ್ಮ ಪಕ್ಕದ ಓಣಿಯ ಹುಡುಗಿಯೊಬ್ಬಳಿಗೆ ಅಂಗನವಾಡಿ ಕಾರ್ಯಕರ್ತೆಯ ಆರ್ಡರ್ ಬಂತು. ಪೇಡೆ ತಂದುಕೊಟ್ಟು, "ಅಕ್ಕೋರ, ಈ ಕೆಲಸದಾಗ ಮೊದಲ ಏನು ಕಲೀಬೇಕ್ರಿ?" ಎಂದು ಕೇಳಿದಳು. "ಹೆದರೂದು ಕಲಿ" ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕಳು, ನಾನು ನಗಲಿಲ್ಲ. ಪಾಪ, ಅವಳ ಮುಖ ಸಣ್ಣದಾಯಿತು. ಪೇಡೆ ತಿಂದು ಹುಡುಗಿಯನ್ನು ಹೆದರಿಸಿ ಕಳಿಸಿದೆನಲ್ಲ ಎಂದು ಅವಳು ಹೋದ ಮೇಲೆ ನನಗೇ ಕೆಡುಕೆನಿಸಿತು. ಅದಕ್ಕೇ ನಿಂತ ಕಾಲಲ್ಲಿ ಹೇಳಲಾಗದ್ದನ್ನು ಕುಳಿತು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಉಳಿದವರೂ ಬೇಕಾದರೆ ಓದಲಿ.

ಹಾನಗಲ್ಲಿನಿಂದ ಬಸ್ಸು ಹತ್ತಿದರೆ ಕಬ್ಬು ಮುಗಿದು ಭತ್ತ ಸುರುವಾಗುವ ಕಡೆ ನಮ್ಮೂರು ಬರುತ್ತದೆ. ನಮ್ಮದು ಬುದ್ಧನ ಫೋಟೊ ಇಟ್ಟುಕೊಂಡ ಮನೆ, ಊರಿನ ಕೊನೆಯ ಓಣಿ. ಅಂಗನವಾಡಿ ಊರ ನಡುವೆ. ನಾನು ಸೇರಿದಾಗ ಅದು ಹೆಂಚಿನ ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ಪಾಠ, ಅಲ್ಲೇ ಮಕ್ಕಳ ನಿದ್ದೆ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಸುರುವಾದ ಹೆದರಿಕೆ ಕೊನೆಯ ಮಗುವಿನ ಅವ್ವ ಬಂದು ಕರೆದುಕೊಂಡು ಹೋದ ಮೇಲೂ ಪೂರ್ತಿ ಇಳಿಯುತ್ತಿರಲಿಲ್ಲ. ಸಾರಿನ ಪಾತ್ರೆಯ ಮುಚ್ಚಳ ಸರಿದಿದೆಯೇ? ಮೇಲಿಂದ ಹಲ್ಲಿ ಬಿದ್ದರೆ? ಹೊರಗೆ ಟ್ರ್ಯಾಕ್ಟರ್ ಸದ್ದು, ಬಾಗಿಲ ಚಿಲಕ ಹಾಕಿದ್ದೇನೆಯೇ? ಮಕ್ಕಳ ತಲೆ ಎಣಿಸುವುದು, ಮತ್ತೆ ಎಣಿಸುವುದು, ಒಂದು ಕಡಿಮೆ ಬಂದರೆ ಎದೆ ಧಸಕ್ ಎನ್ನುವುದು, ಆಮೇಲೆ ಆ ಒಂದು ನನ್ನ ಸೆರಗು ಹಿಡಿದುಕೊಂಡು ಹಿಂದೆಯೇ ನಿಂತಿರುವುದು. ನಮ್ಮ ಸಹಾಯಕಿ ಮಾಬೂಬಿ ನನ್ನನ್ನು ನೋಡಿ ನಗುತ್ತಿದ್ದಳು. "ಅಕ್ಕೋರ, ನೀವು ಹಿಂಗ ಅಂಜಿದ್ರ ಹುಡುಗ್ರು ದೊಡ್ಡೋರಾಗೂದ್ರಾಗ ನೀವು ಮುದುಕಿ ಆಗ್ತೀರಿ." ಆದೆ ನೋಡಿ.

ಹೆದರಿಕೆಯಿಂದ ಎಡವಟ್ಟುಗಳೂ ಆಗಿವೆ. ಒಮ್ಮೆ ಒಬ್ಬ ಹುಡುಗ ಮೂಗಿನಲ್ಲಿ ಶೇಂಗಾ ಕಾಳು ಸಿಗಿಸಿಕೊಂಡ. ಮಾಬೂಬಿಗೆ ಉಳಿದ ಮಕ್ಕಳನ್ನು ಒಪ್ಪಿಸಿ, ಅವನನ್ನು ಬಗಲಲ್ಲಿ ಎತ್ತಿಕೊಂಡು ರಸ್ತೆಗೆ ಓಡಿದೆ. ಎದುರಿಗೆ ನಿಂತ ಬಸ್ಸು ಹತ್ತಿದೆ. "ಅಣ್ಣಾ, ಹಾನಗಲ್ ದವಾಖಾನಿ, ಲಗೂನ ಹೊಡೀರಿ" ಎಂದರೆ ಕಂಡಕ್ಟರ್ ನನ್ನ ಮುಖ ನೋಡಿ, "ಅಕ್ಕಾರ, ಇದು ಶಿಗ್ಗಾಂವಿಗೆ ಹೊಂಟೇತ್ರಿ" ಎಂದ. ನಾನು ಅಳುವುದೊಂದು ಬಾಕಿ. ಅಷ್ಟರಲ್ಲಿ ಬಸ್ಸಿನ ಧೂಳಿಗೆ ಹುಡುಗ ಜೋರಾಗಿ ಸೀನಿದ, ಕಾಳು ಹಾರಿ ಮುಂದಿನ ಸೀಟಿನವರ ರುಮಾಲಿನ ಮೇಲೆ ಬಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡೇ ಊರಿಗೆ ಬಂದೆವು. ದಾರಿಯುದ್ದಕ್ಕೂ ಅವನು ಇನ್ನೊಮ್ಮೆ ಬಸ್ಸು ಹತ್ತೋಣ ಎಂದು ಹಟ ಮಾಡಿದ.

ತೂಕದ ಕೆಲಸವೂ ಹಾಗೆಯೇ. ಆಗ ಜಂತಿಗೆ ತಕ್ಕಡಿ ಕಟ್ಟಿ, ಬಟ್ಟೆಯ ಜೋಳಿಗೆಯಲ್ಲಿ ಕೂಸನ್ನು ಕೂರಿಸಿ ತೂಗುತ್ತಿದ್ದೆವು. ನಾಲ್ಕು ಜನರೆದುರು ತೂಗಿದರೆ ದೃಷ್ಟಿಯಾಗುತ್ತದೆ ಎಂದು ಅವ್ವಂದಿರು ಕೂಸಿನ ಗಲ್ಲಕ್ಕೆ ಕಾಡಿಗೆ ಬಳಿದುಕೊಂಡು ಬರುತ್ತಿದ್ದರು. ಈಗ ನೆಲದ ಮೇಲಿಡುವ ಮಷೀನು, ಅಂಕಿ ತಾನೇ ಮೂಡುತ್ತದೆ. ಮೂಡಿದ್ದನ್ನು ಮೊಬೈಲಿಗೆ ಏರಿಸಬೇಕು. ನೆಟ್‌ವರ್ಕ್ ಸಿಗದೆ ನಾನು ನೀರಿನ ಟಾಕಿಯ ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದೆ. ಕೆಳಗೆ ಮಕ್ಕಳು ಏನು ಮಾಡುತ್ತಿವೆಯೋ ಎಂಬ ಚಿಂತೆಗೆ ಏರಿಸಿದ್ದನ್ನೇ ಎರಡು ಸಲ ಏರಿಸಿ ಬೈಸಿಕೊಂಡಿದ್ದೇನೆ. ಬೈಯುವವರು ನಮ್ಮ ಮೇಲ್ವಿಚಾರಕಿ ವಿಮಲಾ ಮೇಡಂ. ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆಯದೆಯೇ ಒಳಗೆ ಕಾಲಿಟ್ಟು, ಮೊದಲು ಮೂಲೆಯ ಕಸ ತೋರಿಸುವವರು. ಬಾಯಿ ಜೋರು. ಆದರೆ ಮಾಬೂಬಿಗೆ ಜ್ವರ ಬಂದಾಗ ಸೆರಗು ಸಿಗಿಸಿ ಮಕ್ಕಳಿಗೆ ಊಟ ಬಡಿಸಿದವರೂ ಅವರೇ.

ಇಷ್ಟೆಲ್ಲ ಹೆದರಿಕೆಯ ನಡುವೆ ನನಗೆ ಧೈರ್ಯವಿದ್ದದ್ದು ಒಂದೇ ಕೆಲಸದಲ್ಲಿ, ಅಭಿನಯ ಗೀತೆ. ಕೈ ಬಾಯಿ ಕಣ್ಣು ಎಲ್ಲ ಆಡಿಸುತ್ತ ಹಾಡುವ ಹಾಡು. ಹಾನಗಲ್ಲಿನಿಂದ ಇಂಗ್ಲಿಷ್ ನರ್ಸರಿಯ ಹಳದಿ ವ್ಯಾನು ಊರಿಗೆ ಬರತೊಡಗಿದಾಗ ನನ್ನ ಅರ್ಧ ಮಕ್ಕಳು ಅದನ್ನು ಹತ್ತಿ ಹೋದವು. ಕೇಂದ್ರವನ್ನೇ ಪಕ್ಕದೂರಿಗೆ ಸೇರಿಸಿಬಿಟ್ಟರೆ ಎಂದು ನಿದ್ದೆಗೆಟ್ಟು, ಹಾಡು ಕಟ್ಟಲು ಕುಳಿತೆ. ‘ಎಮ್ಮಿ ಬಂತು ಎಮ್ಮಿ, ಕೆರಿಗೆ ಇಳೀತು ಒಮ್ಮಿ’ ಎಂದು ಕೊಂಬು, ಬಾಲ, ನೀರು ಎಲ್ಲವನ್ನೂ ಕೈಯಲ್ಲಿ ತೋರಿಸುತ್ತ ಹಾಡಿದರೆ ದಾರಿಯಲ್ಲಿ ಹೋಗುವವರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ವ್ಯಾನಿನಲ್ಲಿ ಹೋದ ಮಕ್ಕಳು ಒಂದೊಂದಾಗಿ ಮರಳಿದವು. ನಮ್ಮದು ಮಾದರಿ ಅಂಗನವಾಡಿ ಎಂದು ತಾಲ್ಲೂಕಿನಲ್ಲಿ ಹೆಸರಾಯಿತು. ಬೇರೆ ಕೇಂದ್ರದವರು ನೋಡಲು ಬರತೊಡಗಿದರು.

ಶೆಟ್ಟರ ಮನೆಯ ಮೊಮ್ಮಗಳು ಸಿಂಚನಾ ಬಂದದ್ದು ಆ ದಿನಗಳಲ್ಲಿ. ಅವಳ ಅಪ್ಪ ಹಿರೇಕೆರೂರು ಪೇಟೆಯಲ್ಲಿ ಗೋವಿನಜೋಳ ಮತ್ತು ಹತ್ತಿಯ ವ್ಯಾಪಾರಿ, ಅವ್ವ ಸವಿತಾ ಸವಣೂರಿನವಳು. ಮನೆಯ ಯಜಮಾನಿಕೆ ಅಜ್ಜಿ ಗಂಗಮ್ಮನವರದು. ಅಂಥ ಮನೆಯ ಮಗು ನಮ್ಮಲ್ಲಿಗೆ ಬರುವುದೇ ದೊಡ್ಡ ಮಾತು. ಹುಡುಗಿಗೆ ಮಾತು ಸ್ವಲ್ಪ ತಡ, ಬಂದ ಮೇಲೆ ಕಳಿಸಿ ಎಂದು ನರ್ಸರಿಯವರು ಹೇಳಿದ್ದರಂತೆ, ಅಲ್ಲಿಯತನಕ ಇಲ್ಲಿ ಆಡಿಕೊಂಡಿರಲಿ ಎಂದು ಗಂಗಮ್ಮನವರೇ ಬಿಟ್ಟುಹೋದರು. ಅವಳ ಊಟದ ಡಬ್ಬಿ ಮನೆಯಿಂದ ಬರುತ್ತಿತ್ತು. ಯಾಕೆಂದು ನಾನೂ ಕೇಳಲಿಲ್ಲ, ಮಾಬೂಬಿಯೂ ಕೇಳಲಿಲ್ಲ.

ಅಂಥ ಮಗುವನ್ನು ನಾನು ಕಂಡಿರಲಿಲ್ಲ. ಅಳುವುದಿಲ್ಲ, ಜಗಳವಿಲ್ಲ. ಹಾಡು ಸುರುವಾದರೆ ಕಣ್ಣರಳಿಸಿ ನನ್ನನ್ನೇ ನೋಡುತ್ತ, ಕೊಂಬೆಂದರೆ ಕೊಂಬು, ಬಾಲವೆಂದರೆ ಬಾಲ, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ತುಟಿಯೂ ಹಾಡಿದಂತೆಯೇ ಆಡುತ್ತಿತ್ತು. ಅಷ್ಟೊಂದು ಮಕ್ಕಳ ಗದ್ದಲದಲ್ಲಿ ಯಾರ ದನಿ ಯಾವುದೆಂದು ಯಾರಿಗೆ ಗೊತ್ತಾಗಬೇಕು? ನಾನು ಹೆಮ್ಮೆಯಿಂದ ಅವಳನ್ನು ಮುಂದಿನ ಸಾಲಿನ ನಡುವೆ ಕೂರಿಸಿದೆ. ತಾಲ್ಲೂಕಿನ ಅಧಿಕಾರಿಯೊಬ್ಬರು ಬಂದಾಗ ಅವಳ ಗಲ್ಲ ಹಿಂಡಿ, "ಎಲ್ಲ ಮಕ್ಕಳೂ ಹೀಗಿರಬೇಕು ನೋಡಿ" ಎಂದು ವಿಡಿಯೊ ಮಾಡಿಕೊಂಡು ಹೋದರು. ಆ ವಿಡಿಯೊ ಎಲ್ಲರ ಮೊಬೈಲಿಗೂ ಹೋಯಿತು. ಗಂಗಮ್ಮನವರು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

ಒಂದು ದಿನ ಕುಕ್ಕರಿನ ಹಬೆ ಹೊಡೆದು ನನ್ನ ಕೈ ಎರಡೂ ಸುಟ್ಟವು. ಮಾಬೂಬಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದಳು. ಮಕ್ಕಳು ಎಮ್ಮೆ ಹಾಡು ಬೇಕೆಂದು ಗಲಾಟೆ ಮಾಡಿದವು. ಕೈ ಮಡಿಲಲ್ಲಿ ಇಟ್ಟುಕೊಂಡು ಬರೀ ಬಾಯಲ್ಲಿ ಹಾಡಿದೆ. ಹಾಡಿನ ಮಾತಿಗೆ ಸರಿಯಾಗಿ ಎಲ್ಲ ಮಕ್ಕಳ ಕೈ ಎದ್ದವು. ಸಿಂಚನಾಳ ಕೈ ಏಳಲಿಲ್ಲ. ನನ್ನ ಮಡಿಲನ್ನು ನೋಡಿದಳು, ಮುಖ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ, ಹಿಂದಿನ ಸಾಲಿನವರ ಕೈ ನೋಡಿ, ತಾನೂ ಕೊಂಬು ಮಾಡಿದಳು. ಅಷ್ಟರಲ್ಲಿ ಹಾಡು ಬಾಲಕ್ಕೆ ಬಂದಿತ್ತು. ಸುಟ್ಟ ಕೈಯ ಉರಿ ಆಮೇಲೆ ನೆನಪಿಗೇ ಬರಲಿಲ್ಲ.

ಮಾಬೂಬಿಗೆ ಹೇಳಿದರೆ ಅವಳು ಒಪ್ಪಲಿಲ್ಲ. "ಏ ಅಕ್ಕೋರ, ಏನೇನರೆ ತಲಿಗೆ ಹಚ್ಕೋಬ್ಯಾಡ್ರಿ. ತಾಟು ಬಾರಿಸಿದ್ರ ಎಲ್ಲಾರಿಕಿಂತ ಮೊದಲ ಬಂದು ಕುಂದರ್ತಾಳ ಆಕಿ."

"ಎಲ್ಲಾರೂ ಏಳೂದು ನೋಡಿ ಏಳ್ತಾಳೇನೋ?"

"ನೋಡೂಣ ತಡೀರಿ."

ಉಳಿದ ಮಕ್ಕಳು ಅಂಗಳದಲ್ಲಿದ್ದಾಗ ಸಿಂಚನಾ ಒಳಗೆ ಒಬ್ಬಳೇ ಪಾಟಿಯ ಮೇಲೆ ಗೀಚುತ್ತಿದ್ದಳು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಿಂದಿನಿಂದ ಹೆಸರು ಹಿಡಿದು ಕರೆದೆ. ಮತ್ತೆ ಕರೆದೆ. ಅವಳು ಗೀಚುತ್ತಲೇ ಇದ್ದಳು. ಮಾಬೂಬಿ ಸ್ಟೀಲಿನ ಲೋಟ ಕೆಳಗೆ ಹಾಕಿದಳು, ಅದು ಉರುಳಿ ಅವಳ ಕಾಲ ಹತ್ತಿರ ಹೋದಾಗ ತಿರುಗಿದಳು. "ನೋಡಿದ್ರ್ಯಾ?" ಎಂದಳು ಮಾಬೂಬಿ. ನೋಡಿದೆ. ಲೋಟ ಕಣ್ಣಿಗೆ ಬಿದ್ದು ತಿರುಗಿದಳೋ, ಸದ್ದಿಗೆ ತಿರುಗಿದಳೋ? ನನಗೆ ತಿಳಿಯಲಿಲ್ಲ. ಹುಡುಗಿಯರೇ, ಗೊತ್ತಿದ್ದು ಹೇಳದಿರುವುದಕ್ಕಿಂತ ಗೊತ್ತಾಗದೆ ಒದ್ದಾಡುವುದು ಹೆಚ್ಚು ಕಾಡುತ್ತದೆ. ಆಟದಲ್ಲಿ ಮುಳುಗಿದ ಮಗು ಕರೆದರೆ ತಿರುಗದಿರುವುದು ಯಾವ ಮನೆಯಲ್ಲಿಲ್ಲ? ನನ್ನದು ಮೊದಲೇ ಹೆದರುಪುಕ್ಕಲು ಮನಸ್ಸು, ಇಲ್ಲದ್ದನ್ನು ಕಾಣುತ್ತಿದ್ದೇನೆಯೇ ಎಂದು ನನ್ನ ಮೇಲೇ ಸಂಶಯ. ಕಿವಿ ಕೇಳದ ಮಗುವಿಗೆ ಮಾತು ಕಲಿಯುವ ವಯಸ್ಸು ಬೇಗ ದಾಟುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದು ಮಾತ್ರ ಬಿಡದೆ ನೆನಪಾಗುತ್ತಿತ್ತು. ಆರೋಗ್ಯ ತಪಾಸಣೆಯವರು ಬಂದ ದಿನ ಅವಳು ಅಪ್ಪನ ಜೊತೆ ಹಿರೇಕೆರೂರಿಗೆ ಹೋಗಿದ್ದಳು. ಅವರು ಮತ್ತೆ ಬರುವತನಕ ಕಾಯುತ್ತ ಕೂರುವ ಧೈರ್ಯ ನನಗಿರಲಿಲ್ಲ.

ವಿಮಲಾ ಮೇಡಂಗೆ ಹೇಳಿದೆ. ಅವರು ಅವತ್ತು ಹೆಲ್ಮೆಟ್ ತೆಗೆದು ಕುಳಿತರು.

"ಸುಜಾತಾ, ಜಿಲ್ಲಾದಿಂದ ಸಾಹೇಬ್ರು ನಿಮ್ಮ ಕೇಂದ್ರ ನೋಡಾಕ ಬರೋರದಾರ. ಆ ಹುಡುಗಿ ವಿಡಿಯೊ ನೋಡಿನಽ ಬರಾಕತ್ತಾರ. ಈಗ ಆಕಿಗೆ ಕಿವಿ ಕೇಳ್ಸೂದಿಲ್ಲ ಅಂತೀರಿ. ಖಾತ್ರಿ ಐತೇನು?"

"ಇಲ್ರಿ ಮೇಡಂ."

"ಖಾತ್ರಿ ಇಲ್ದ ದೊಡ್ಡ ಮನಿ ಬಾಗಲಾಗ ನಿಂತು ಆ ಮಾತು ಆಡಿದ್ರ, ಅವ್ರು ಹುಡುಗಿನ್ನ ಬಿಡಿಸ್ಕೊಂಡು ಹೋಗ್ತಾರ. ಆಮ್ಯಾಲ ಆಕಿನ್ನ ಯಾರು ನೋಡ್ತಾರ? ಮೊದಲ ತಾಯಿ ಜೋಡಿ ಮಾತಾಡ್ರಿ."

ಆ ಮಾತು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಹೇಳಿದರೂ ಹುಡುಗಿ ಕೈತಪ್ಪುತ್ತಾಳೆ, ಹೇಳದಿದ್ದರೂ ಕೈತಪ್ಪುತ್ತಾಳೆ. ಮರುದಿನ ಸವಿತಾ ಮಗಳನ್ನು ಬಿಡಲು ಬಂದಾಗ ಅವಳನ್ನು ಬಾಗಿಲ ಮರೆಗೆ ಕರೆದು, ಕಂಡದ್ದಷ್ಟನ್ನೇ ಹೇಳಿ, ಒಮ್ಮೆ ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸಲು ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತಳು.

"ಹ್ವಾದ ವರ್ಷ ಸವಣೂರಿಗೆ ತವರಿಗೆ ಹೋಗಿದ್ದೆ ಅಕ್ಕೋರ. ಹಿತ್ತಲದ ಓಣ್ಯಾಗ ಮದುವಿ ಪಟಾಕಿ ಹಾರಿಸಿದ್ರು. ಹುಡುಗ್ರೆಲ್ಲಾ ಅಂಜಿ ಒಳಗ ಓಡಿ ಬಂದ್ವು. ಈಕಿ ಗೊಂಬಿ ಜೋಡಿ ಆಡ್ಕೋತ ಕುಂತಿದ್ಲು. ಧೈರ್ಯದ ಹುಡುಗಿ ಅಂತ ಎಲ್ಲಾರೂ ನಕ್ರು. ನಾನೂ ನಕ್ಕೆ." ಒಳಗಿದ್ದ ಮಗಳ ಕಡೆ ನೋಡಿ ಹೇಳಿದಳು: "ಅವತ್ತಿಂದ ನನಗ ಸಮಾಧಾನ ಇಲ್ರಿ. ಆದ್ರ ಅತ್ತಿಯೋರು ಒಪ್ಪೂದಿಲ್ಲ. ಪೂಜೆ ಗಂಟಿ ಬಾರಿಸಿದ್ರ ಎಲ್ಲಿದ್ರೂ ಓಡಿ ಬರ್ತಾಳ, ಕಿವಿ ಹೆಂಗ ಕೇಳ್ಸೂದಿಲ್ಲ ಅಂತಾರ. ಅದೂ ಖರೆನಽ ಐತಿ. ದಿನಾ ಬರ್ತಾಳ."

ಗಂಟೆಗೆ ಓಡಿ ಬರುವ ಹುಡುಗಿಗೆ ನನ್ನ ಕರೆ ಯಾಕೆ ಕೇಳುವುದಿಲ್ಲ? ಎರಡು ದಿನ ಅದನ್ನೇ ಯೋಚಿಸಿದೆ. ಅಷ್ಟರಲ್ಲಿ ಮಾತು ಹೇಗೋ ಅಜ್ಜಿಯ ಕಿವಿಗೆ ಬಿದ್ದು ನನಗೆ ಬುಲಾವು ಬಂತು.

ಸಂಜೆ ಹೋದೆ. ಶೆಟ್ಟರ ಮನೆಗೆ ಹೋದರೆ ನಾನು ಹೊರಗಿನ ಕಟ್ಟೆಯ ಮೇಲೇ ಕೂರುವವಳು. ಒಳಗೆ ಬಾ ಎಂದು ಅವರು ಕರೆದಿರಲಿಲ್ಲ, ನಾನೂ ಹೊಸ್ತಿಲು ದಾಟಿರಲಿಲ್ಲ. ಸಿಂಚನಾ ಅಲ್ಲೇ ಕುಳಿತು ಗೋವಿನಜೋಳದ ಕಾಳುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕು ಕೊಂಬು ಮಾಡಿ ತೋರಿಸಿದಳು. ಗಂಗಮ್ಮನವರು ಬಾಗಿಲಿಗೆ ಬಂದರು.

"ಏನವಾ ಸುಜಾತಾ, ನಮ್ಮ ಹುಡುಗಿಗೆ ಏನೋ ಹೆಸರಿಟ್ಟಿಯಂತಲ್ಲ?"

"ಹೆಸರಿಟ್ಟಿಲ್ರಿ ಅಮ್ಮಾರ. ಒಮ್ಮೆ ಹುಬ್ಬಳ್ಳಿಗೆ ಹೋಗಿ ಕಿವಿ ತೋರಸ್ರಿ ಅಂದೇನಿ ಅಷ್ಟಽ."

"ಇವರಪ್ಪನೂ ಸಾಲಿಗೆ ಹೋಗೂತನಕ ಬಾಯಿ ಬಿಟ್ಟಿರಲಿಲ್ಲ. ಈಗ ಹಿರೇಕೆರೂರು ಸಂತ್ಯಾಗ ಅವನ ಬಾಯಿ ಮುಂದ ಯಾರೂ ನಿಲ್ಲೂದಿಲ್ಲ. ಹೆಣ್ಣು ಹುಡುಗಿ ಐತಿ. ಕಿವುಡಿ ಅನ್ನೂ ಮಾತು ಒಮ್ಮೆ ಊರಾಗ ಹಬ್ಬಿದ್ರ, ನಾಳೆ ಹೆಣ್ಣು ನೋಡಾಕ ಬರೋ ಮಂದಿ ಮುಂದ ನೀ ಬಂದು ಅದನ್ನ ತೊಳೀತೀಯೇನು?"

ಆಕೆಯ ಹೆದರಿಕೆಯೂ ಆ ಹುಡುಗಿಗಾಗಿಯೇ ಇತ್ತು.

"ಇಲ್ಲೇ ಕುಂದ್ರು. ಪೂಜೆ ಹೊತ್ತು ಆತು. ನಾ ಒಳಗ ಹೋಗಿ ಗಂಟಿ ಬಾರಿಸ್ತೇನಿ. ಹುಡುಗಿ ಬರ್ತಾಳೋ ಇಲ್ಲೋ ನಿನ್ನ ಕಣ್ಣಲೇ ನೋಡು."

ಒಳಗೆ ಹೋದರು. ಸವಿತಾ ಹೊಸ್ತಿಲಲ್ಲಿ ನಿಂತಳು. ನಾನು ಹುಡುಗಿಯಿಂದ ಕಣ್ಣು ತೆಗೆಯಲಿಲ್ಲ. ಕಾಳು ಜೋಡಿಸುತ್ತಿದ್ದಳು. ಒಳಗಿನಿಂದ ಊದಿನಕಡ್ಡಿಯ ವಾಸನೆ ಬಂತು. ದಿನವೂ ಆ ಮನೆಯ ಮುಂದೆ ಹಾಯುವಾಗ ಬರುವ ವಾಸನೆಯೇ. ಸಿಂಚನಾ ತಲೆಯೆತ್ತಿದಳು. ಕಾಳುಗಳನ್ನು ಅಲ್ಲೇ ಬಿಟ್ಟು, ಎದ್ದು, ಅವ್ವನ ಸೀರೆ ಸವರಿಕೊಂಡು ಒಳಗೆ ಓಡಿದಳು. ಪೂಜೆಯಾದ ಮೇಲೆ ಅಜ್ಜಿ ಕೊಡುವ ಕಲ್ಲುಸಕ್ಕರೆಯ ಆಸೆ. ಅವಳು ಒಳಗೆ ಹೋದ ಮೇಲೆ ಗಂಟೆ ಬಾರಿಸಿತು.

"ನೋಡಿದ್ಯೇನು? ಬಂದ್ಲೋ ಇಲ್ಲೋ?" ಒಳಗಿನಿಂದ ಅಜ್ಜಿಯ ದನಿ. ಅವರ ಕಣ್ಣು ದೇವರ ಜಗಲಿಯ ಮೇಲಿದ್ದಿರಬೇಕು. ಗಂಟೆ ಎತ್ತಿದರು, ತಿರುಗಿ ನೋಡಿದರು, ಮೊಮ್ಮಗಳು ಪಕ್ಕದಲ್ಲಿದ್ದಳು. ದಿನವೂ ಅವರು ಕಾಣುತ್ತಿದ್ದುದು ಇಷ್ಟನ್ನೇ.

ಹೊಸ್ತಿಲಲ್ಲಿ ನಿಂತಿದ್ದ ಸವಿತಾ ಹೇಳಿದಳು: "ಅತ್ತಿ, ಗಂಟಿ ಬಾರ್ಸೂಕಿಂತ ಮೊದಲಽ ಬಂದ್ಲ್ರಿ."

"ಸುಮ್ನಿರು ನೀ. ಸುಜಾತಾ, ನೀ ಇನ್ನ ಮನಿಗೆ ಹೋಗು."

ಮರುದಿನ ಸಿಂಚನಾ ಬರಲಿಲ್ಲ. ಮುಂದಿನ ಸಾಲಿನ ನಡುವೆ ಜಾಗ ಖಾಲಿ. ನಾನು ಅಂದುಕೊಂಡದ್ದೇ ಆಯಿತು, ಬಿಡಿಸಿಕೊಂಡು ಹೋದರು. ಇನ್ನು ಆ ಹುಡುಗಿ ಆ ದೊಡ್ಡ ಮನೆಯೊಳಗೆ ನಗುನಗುತ್ತ, ಎಲ್ಲರ ಕೈ ಬಾಯಿ ನೋಡಿ ನೋಡಿ ಬೆಳೆಯುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನೆನೆಸಿ ಅಕ್ಕಿ ಆರಿಸುತ್ತ ಅತ್ತೆ. ಮಾಬೂಬಿ ಅವತ್ತು ನಗಲಿಲ್ಲ. ಅಕ್ಕಿಯ ಮೊರವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಆರಿಸಿದಳು.

ಸಂಜೆ ನಳದ ಹತ್ತಿರ ನೀರಿಗೆ ನಿಂತಿದ್ದೆ. ಶೆಟ್ಟರ ಮನೆಯ ಗಂಟೆ ಕೇಳಿಸಿತು. ದಿನವೂ ಕೇಳಿಸುವುದೇ, ಸ್ವಲ್ಪ ಹೊತ್ತು ಬಾರಿಸಿ ನಿಲ್ಲುತ್ತದೆ. ಅವತ್ತು ನಿಲ್ಲಲಿಲ್ಲ. ನನ್ನ ಕೊಡ ತುಂಬಿ ಚೆಲ್ಲಿತು, ಗಂಟೆ ಬಾರಿಸುತ್ತಲೇ ಇತ್ತು. ನಡುವೆ ಒಮ್ಮೆ ನಿಂತು ಮತ್ತೆ ಇನ್ನೂ ಜೋರಾಗಿ ಸುರುವಾಯಿತು. ನಳದ ಹತ್ತಿರವಿದ್ದ ಹೆಂಗಸರು, "ಯಾಕವಾ, ಶೆಟ್ಟರ ಮನ್ಯಾಗ ಇವತ್ತು ಏನು ವಿಶೇಷ?" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಗೊತ್ತಾಯಿತು. ಕೊಡ ಅಲ್ಲೇ ಬಿಟ್ಟು ಶೆಟ್ಟರ ಮನೆಯ ಕಡೆಗೆ ಕಿವಿಗೊಟ್ಟು ನಿಂತೆ.

ಏನಾಯಿತೆಂದು ಸವಿತಾ ಆಮೇಲೆ ಹೇಳಿದಳು. "ನಾ ಏನೂ ಅಂದಿರಲಿಲ್ರಿ. ಅತ್ತಿಯೋರು ತಾವಽ ಊದಿನಕಡ್ಡಿ ಹಚ್ಚಲಿಲ್ಲ. ಬರೇ ಗಂಟಿ ಬಾರಿಸಿದ್ರು. ಈಕಿ ಪಡಸಾಲ್ಯಾಗ ಬೆನ್ನು ಮಾಡಿ ಕುಂತಿದ್ಲು. ಅತ್ತಿಯೋರು ಬಾರಿಸ್ಕೋತ ಬಾರಿಸ್ಕೋತ ಆಕಿ ಬೆನ್ನ ಹಿಂದನಽ ಬಂದು ನಿಂತ್ರು. ಈಕಿ ತಿರುಗಲಿಲ್ಲ. ಅತ್ತಿಯೋರ ಕಣ್ಣೀರು ಬಿತ್ತಲ್ರಿ ಹೆಗಲ ಮ್ಯಾಲೆ, ಅವಾಗ ತಿರುಗಿ ನೋಡಿದ್ಲು."

ಮರುದಿನ ಬೆಳಿಗ್ಗೆ ಗಂಗಮ್ಮನವರು ಮೊಮ್ಮಗಳ ಕೈ ಹಿಡಿದು ಅಂಗನವಾಡಿಯ ಬಾಗಿಲಿಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ಮಕ್ಕಳ ಚಾಪೆಯ ಮೇಲೇ ಕುಳಿತರು.

"ಯಾವ ದವಾಖಾನಿ ಅಂತ ಹೇಳು. ನೀನೂ ಬರಬೇಕು. ನನಗ ಡಾಕ್ಟರ್ ಮಾತು ತಿಳಿಯೂದಿಲ್ಲ."

ಹುಬ್ಬಳ್ಳಿಗೆ ಹೋದೆವು. ಹೋಗುವಾಗ ಒಂದೇ ಸೀಟಿನಲ್ಲಿ ನಾನು, ಗಂಗಮ್ಮನವರು, ನಡುವೆ ಸಿಂಚನಾ. ಆಸ್ಪತ್ರೆಯಲ್ಲಿ ಹುಡುಗಿಗೆ ನಿದ್ದೆಯ ಔಷಧ ಕೊಟ್ಟು ತಲೆಗೆ ವೈರು ಅಂಟಿಸಿದರು. ಹೊರಗೆ ಬೆಂಚಿನ ಮೇಲೆ ಕುಳಿತ ನನಗೆ ಎರಡೂ ಬಗೆಯ ಭಯ. ಕಿವಿ ಸರಿಯಾಗಿದೆ ಎಂದರೆ ಈ ಮುದುಕಿಯನ್ನು ಅಳಿಸಿದ ಪಾಪ ನನ್ನದು. ಸರಿಯಿಲ್ಲ ಎಂದರೆ ಹುಡುಗಿಯ ಗತಿ ಏನು? ಡಾಕ್ಟರ್ ಬಂದು ಹೇಳಿದರು: ಜೋರು ಸದ್ದು ಒಂದಿಷ್ಟು ಕೇಳುತ್ತದೆ, ಮಾತು ಕೇಳುವುದಿಲ್ಲ. ಕಿವಿಗೆ ಯಂತ್ರ ಹಾಕಿ ನೋಡೋಣ, ವಯಸ್ಸು ಇನ್ನೂ ಮೀರಿಲ್ಲ. ಆದರೆ ಯಂತ್ರದಿಂದ ಎಷ್ಟು ಉಪಯೋಗವಾಗುತ್ತದೆ ಎಂದು ಈಗಲೇ ಹೇಳಲಾರೆ, ಆಗದಿದ್ದರೆ ಆಪರೇಷನ್ ಯೋಚಿಸಬೇಕು. ಗಂಗಮ್ಮನವರು ನನ್ನ ಮುಖ ನೋಡಿದರು. ನಾನು ನಮ್ಮ ಮಾತಿನಲ್ಲಿ ಮತ್ತೆ ಹೇಳಿದೆ. ಆಕೆ ನನ್ನ ಮೊಣಕೈ ಹಿಡಿದುಕೊಂಡರು, ಬಸ್‌ಸ್ಟ್ಯಾಂಡಿನತನಕ ಬಿಡಲಿಲ್ಲ.

ಯಂತ್ರ ಹಾಕಿದೊಡನೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಸಿಂಚನಾ ಅದನ್ನು ಕಿತ್ತು ಎಸೆಯುತ್ತಿದ್ದಳು. ಗಂಗಮ್ಮನವರು ಅದಕ್ಕೆ ದಾರ ಕಟ್ಟಿ ಅಂಗಿಗೆ ಹೊಲಿದು ಕಳಿಸಿದರು. ಕುಕ್ಕರ್ ಸೀಟಿ ಹೊಡೆದರೆ ಅಳುತ್ತಿದ್ದಳು, ಮಾಬೂಬಿ ಒಲೆಯನ್ನೇ ಹಿಂದಿನ ವರಾಂಡಕ್ಕೆ ಸಾಗಿಸಿದಳು. ಸೀಟಿಗೆ ಅತ್ತರೆ ಏನು ಬಂತು, ಜೋರು ಸದ್ದು ಮೊದಲೂ ಒಂದಿಷ್ಟು ಕೇಳುತ್ತಿತ್ತು ಎಂದು ಡಾಕ್ಟರೇ ಹೇಳಿದ್ದರಲ್ಲ. ನನಗೆ ಬೇಕಾದದ್ದು ಮಾತು. ಹಾಡು ಸುರುಮಾಡಿದರೆ ಅವಳು ಮೊದಲಿನ ಹಾಗೆಯೇ ನನ್ನ ಕೈ ನೋಡಿ ಕೈ ಆಡಿಸುತ್ತಿದ್ದಳು. ಯಂತ್ರ ಕಿವಿಯಲ್ಲಿತ್ತು, ಕಣ್ಣು ನನ್ನ ಕೈಯ ಮೇಲೇ ಇತ್ತು. ಕೈ ಕೆಳಗಿಟ್ಟು ಹಾಡಿದರೆ ಹಿಂದಕ್ಕೆ ತಿರುಗುತ್ತಿದ್ದಳು. ಹಳೆಯ ರೂಢಿಯೋ, ಯಂತ್ರ ಕೆಲಸ ಮಾಡುತ್ತಿಲ್ಲವೋ? ದಿನವೂ ಸಂಜೆ ಗಂಗಮ್ಮನವರು ಬಾಗಿಲಿಗೆ ಬಂದು ಕಣ್ಣಲ್ಲೇ ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಆಕೆ ಮೊಮ್ಮಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಆ ವಾರಗಳಲ್ಲಿ ನನಗೆ ಊಟ ರುಚಿಸಲಿಲ್ಲ.

ಇದರ ನಡುವೆಯೇ ಜಿಲ್ಲೆಯ ಸಾಹೇಬರು ಬರುವ ದಿನ ಬಂತು. ಸಿಂಚನಾಳನ್ನು ಹಿಂದೆ ಕೂರಿಸಲೇ ಎಂದು ಕೇಳಿದೆ. "ಯಾಕ? ಇದ್ದಲ್ಲೇ ಕುಂದ್ರಲಿ" ಎಂದರು ವಿಮಲಾ ಮೇಡಂ. ಸಾಹೇಬರಿಗೆ ಮೊದಲೇ ಎಲ್ಲ ಹೇಳಿಬಿಡಬೇಕೆಂದು ಅವರು ಅಂದುಕೊಂಡಿದ್ದರು. ಆದರೆ ಜೀಪು ಇಳಿದವರೇ ಸಾಹೇಬರು, "ಎಲ್ಲಿ, ವಿಡಿಯೊದ ಮಗು? ಮೊದಲು ಹಾಡು ಕೇಳೋಣ" ಎಂದು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟರು. ಕಿಟಕಿಯ ತುಂಬ ಊರಿನ ಹೆಂಗಸರು. ಅವರ ನಡುವೆ ಗಂಗಮ್ಮನವರೂ ಇದ್ದರು.

ಹೊಸ ಹಾಡು ಹಾಡಿದೆವು, ಸಂತೆಯ ಹಾಡು. ತಕ್ಕಡಿ, ಬುಟ್ಟಿ, ಮೆಣಸಿನಕಾಯಿ ತಿಂದ ಖಾರಕ್ಕೆ ಬಾಯಿ ಬೀಸಿಕೊಳ್ಳುವುದು. ಸಿಂಚನಾ ನನ್ನ ಕೈ ನೋಡಿ ತಕ್ಕಡಿ ಹಿಡಿದಳು, ಬುಟ್ಟಿ ಹೊತ್ತಳು. ನಡುವೆ ಒಮ್ಮೆಲೆ ಅವಳ ಕೈ ಇಳಿದವು. ನಾನು ದೊಡ್ಡದಾಗಿ ಕೈ ಬೀಸಿ ತೋರಿಸಿದೆ. ಅವಳು ನನ್ನ ಕೈ ನೋಡುತ್ತಿರಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿಟ್ಟು, ಬಾಯಿ ಸ್ವಲ್ಪ ತೆರೆದು, ತಲೆಯನ್ನು ಪಕ್ಕದ ಹುಡುಗಿಯ ಕಡೆಗೆ ವಾಲಿಸಿ ಕುಳಿತಿದ್ದಳು. ಸುತ್ತ ಎಲ್ಲ ಮಕ್ಕಳ ಕೈ ಆಡುತ್ತಿದ್ದವು, ಅವಳ ಕೈ ಮಾತ್ರ ಆಡುತ್ತಿರಲಿಲ್ಲ. ಜ್ವರ ಬಂತೇ, ಹೆದರಿದಳೇ ಎಂದು ನನ್ನ ದನಿ ತಪ್ಪಿತು.

ಸಾಹೇಬರು ಹುಬ್ಬು ಗಂಟಿಕ್ಕಿದರು. "ವಿಡಿಯೊದಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಳು! ಈಗ ಯಾಕೆ ಹೀಗೆ ಸುಮ್ಮನೆ ಕೂತಿದ್ದಾಳೆ?"

ನನ್ನ ಹಾಡು ನಿಂತಿತು. ವಿಮಲಾ ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಿಟಕಿಯ ಸರಳು ಹಿಡಿದು ನಿಂತ ಗಂಗಮ್ಮನವರ ದನಿ ಕೇಳಿಸಿತು.

"ಸುಮ್ನ ಕುಂತಿಲ್ರಿ ಸಾಹೇಬ್ರ. ಕೇಳಾಕತ್ತಾಳ."

ನಿಂತ ಹಾಡು ಎಲ್ಲಿ ಹೋಯಿತೆಂದು ಸಿಂಚನಾ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಹುಡುಕುತ್ತಿದ್ದಳು.

"ನಿಲ್ಲಸ್‌ಬ್ಯಾಡವಾ ಸುಜಾತಾ," ಎಂದರು ಗಂಗಮ್ಮ. "ಹಾಡು."